ಫಾರ್ಮ್ ಬಂತು ಅಂತೀವಲ್ಲ, ಬಂದದ್ದು ಏನು?

2024ರ ಬೇಸಿಗೆಯಲ್ಲಿ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಮಿರ್ಚಿ ತಿನ್ನುತ್ತ ನಿಂತವರದ್ದು ಒಂದೇ ತಕರಾರು: "ಇವನ್ನ ಯಾಕ ತಗೊಂಡಾರಲೇ ವರ್ಲ್ಡ್‌ಕಪ್‌ಗೆ? ಬಾಲ್ ಹಾಕಿದ್ರ ಬರೇ ಸಿಕ್ಸರ್." ಇವನು ಅಂದರೆ ಹಾರ್ದಿಕ್ ಪಾಂಡ್ಯ. ಆ ಐಪಿಎಲ್‌ನಲ್ಲಿ ಅವರು ಓವರಿಗೆ 10ಕ್ಕಿಂತ ಜಾಸ್ತಿ ರನ್ ಕೊಟ್ಟಿದ್ದರು. ಅವರ ನಾಯಕತ್ವದ ಮುಂಬೈ ಕೊನೇ ಸ್ಥಾನಕ್ಕೆ ಬಿದ್ದಿತ್ತು. ಸ್ವಂತ ತಂಡದ ಪ್ರೇಕ್ಷಕರೇ ಕೂಗಿ ಗೇಲಿ ಮಾಡಿದ್ದರು. ಜೂನ್ 29ರಂದು ಬಾರ್ಬಡೋಸ್ ಫೈನಲ್‌ನಲ್ಲಿ ಅದೇ ಪಾಂಡ್ಯ 20 ರನ್ ಕೊಟ್ಟು ದಕ್ಷಿಣ ಆಫ್ರಿಕಾದ ಕ್ಲಾಸೆನ್, ಮಿಲ್ಲರ್, ರಬಾಡ ಮೂವರನ್ನೂ ಔಟ್ ಮಾಡಿದರು. ಮರುದಿನ ಅದೇ ಜನ: "ಫಾರ್ಮ್ ಬಂತ್ ನೋಡ್!"

ಒಂದು ತಿಂಗಳಲ್ಲಿ ಬೌಲರ್ ಅಷ್ಟು ಬದಲಾಗುತ್ತಾನಾ? ಆ ಐಪಿಎಲ್‌ನಲ್ಲಿ ಅವರಿಗೆ ಸಿಕ್ಕಿದ್ದು 11 ವಿಕೆಟ್, ವಿಶ್ವಕಪ್‌ನಲ್ಲೂ 11. ಪಂದ್ಯಗಳು ಮಾತ್ರ ಕಡಿಮೆ. ಜೊತೆಗೆ ಪಿಚ್ ನೋಡಿ. ಹೈದರಾಬಾದ್ ತಂಡ ಮುಂಬೈ ವಿರುದ್ಧ 277 ಬಾರಿಸಿದ ಸೀಸನ್ ಅದು. ನ್ಯೂಯಾರ್ಕ್‌ನ ಪಿಚ್‌ನಲ್ಲಾದರೆ 119 ರನ್ ಹೊಡೆದ ಭಾರತ ಪಾಕಿಸ್ತಾನವನ್ನು ಸೋಲಿಸಿತು. ಅಲ್ಲಿ ಎಲ್ಲ ಬೌಲರ್‌ಗಳಿಗೂ "ಫಾರ್ಮ್" ಬಂದಿತ್ತು, ಅಲ್ವಾ?

ಪಿಚ್ ಬಿಟ್ಟು ಉಳಿದದ್ದಕ್ಕೆ ನಮ್ಮ ಪಕ್ಕದ ಗದಗಿನ ಸ್ಪಿನ್ ಬೌಲರ್ ಸುನಿಲ್ ಜೋಶಿಯವರ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಹುಡುಗನಿದ್ದಾಗ ಪ್ರಾಕ್ಟೀಸ್‌ಗೆ ಬೆಳಗ್ಗೆ ಎದ್ದು ಹುಬ್ಬಳ್ಳಿಗೆ ಬಂದು ಹೋಗುತ್ತಿದ್ದವರು. ಮುಂದೆ 2020ರಲ್ಲಿ ಆಯ್ಕೆ ಸಮಿತಿಯ ಅಧ್ಯಕ್ಷರೂ ಆದರು. ಭಾರತಕ್ಕೆ ಅವರು ಆಡಿದ್ದು 69 ಏಕದಿನ ಪಂದ್ಯ, ತೆಗೆದದ್ದು ಸರಿಯಾಗಿ 69 ವಿಕೆಟ್. ಪಂದ್ಯಕ್ಕೆ ಒಂದು. ಹಾಗಂತ ಪ್ರತಿ ಪಂದ್ಯದಲ್ಲೂ ಒಂದೊಂದು ಬೀಳಲಿಲ್ಲ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್, ಅದರಲ್ಲಿ ಒಂದೂ ರನ್ ಕೊಡದ 6 ಮೇಡನ್, 6 ರನ್, 5 ವಿಕೆಟ್!

ಸರಾಸರಿ ಒಂದು ವಿಕೆಟ್ ತೆಗೆಯುವ ಬೌಲರ್‌ನ ಕೌಶಲ ಒಂಚೂರೂ ಬದಲಾಗುವುದಿಲ್ಲ, ವಿಕೆಟ್ ಬೀಳುವುದು ಮಾತ್ರ ಅದೃಷ್ಟದಾಟ ಅಂತ ಇಟ್ಟುಕೊಳ್ಳಿ. ಪಾಯ್ಸಾನ್ ಎಂಬ ಫ್ರೆಂಚ್ ಗಣಿತಜ್ಞನ ಸೂತ್ರ ಹಾಕಿದರೆ 100 ಪಂದ್ಯಗಳಲ್ಲಿ ಸುಮಾರು 37ರಲ್ಲಿ ಅವನಿಗೆ ಒಂದೂ ವಿಕೆಟ್ ಸಿಗುವುದಿಲ್ಲ. ಐದು ಅಥವಾ ಜಾಸ್ತಿ ಸಿಗುವುದು ಸುಮಾರು 270 ಪಂದ್ಯಕ್ಕೊಮ್ಮೆ. ಸತತ ಮೂರು ಪಂದ್ಯ ಬರಿಗೈಲಿ ಬರುವುದು 69 ಪಂದ್ಯ ಆಡಿದವನಿಗೆ ಒಂದೆರಡು ಸಲ ಆಗುವಂಥದ್ದೇ. ಆ ಮೂರನೇ ಪಂದ್ಯದ ಸಂಜೆಯೇ ನಾವು "ಇವನ ಕತಿ ಮುಗೀತು" ಅನ್ನುವುದು. ನಾಲ್ಕನೆಯದರಲ್ಲಿ ಅವನು ತನ್ನ ಮಾಮೂಲಿ ಆಟ ಆಡಿದರೂ ಸಾಕು, ಎದ್ದು ಬಂದ ಹಾಗೆ ಕಾಣುತ್ತದೆ. ತೀರಾ ಕೆಟ್ಟ ದಿನದ ನಂತರ ಬರುವ ದಿನ ಸಾಮಾನ್ಯವಾಗಿ ಅದಕ್ಕಿಂತ ವಾಸಿ ಇರುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸರಾಸರಿಯ ಕಡೆಗೆ ಮರಳುವುದು ಅನ್ನುತ್ತಾರೆ. "ಬೈದ ಮೇಲೇ ಪೈಲಟ್‌ಗಳು ಸುಧಾರಿಸುತ್ತಾರೆ" ಎಂದು ನಂಬಿದ್ದ ಇಸ್ರೇಲ್ ವಾಯುಪಡೆಯ ತರಬೇತುದಾರರಿಗೆ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ತೋರಿಸಿಕೊಟ್ಟದ್ದೂ ಇದನ್ನೇ. ನಮ್ಮ ಕೋಚ್‌ಗಳಲ್ಲೂ ಈ ನಂಬಿಕೆ ಜೋರಾಗಿಯೇ ಇದೆ.

ಬಾರ್ಬಡೋಸ್‌ನ ಕೊನೇ ಓವರಿನ ಮೊದಲ ಎಸೆತ ನೆನಪಿದೆಯಾ? ಮಿಲ್ಲರ್‌ಗೆ ಸಿಕ್ಕಿದ್ದು ಫುಲ್‌ಟಾಸ್. ಸೂರ್ಯಕುಮಾರ್ ಹಿಡಿದ ಬಾಲನ್ನು ಮೇಲಕ್ಕೆ ಎಸೆದು, ಬೌಂಡರಿ ಗೆರೆ ದಾಟಿ, ಮತ್ತೆ ಒಳಗೆ ಬಂದು ಹಿಡಿದರು. ಕೆಟ್ಟ ಬಾಲು, ಒಳ್ಳೇ ಕ್ಯಾಚು. ಸ್ಕೋರ್‌ಕಾರ್ಡ್‌ನಲ್ಲಿ ಪಾಂಡ್ಯನಿಗೊಂದು ವಿಕೆಟ್. ಕ್ಲಾಸೆನ್‌ಗೆ ಹಾಕಿದ್ದು ಬೇರೆಯೇ ಮಾತು. ಆಫ್‌ಸ್ಟಂಪ್‌ನಿಂದ ದೂರ, ವೇಗ ಕಡಿಮೆ ಮಾಡಿ, ಬೇಕಂತಲೇ ಹಾಕಿದ ಬಾಲ್ ಅದು.

ಆದರೆ ಎಲ್ಲವನ್ನೂ ಅದೃಷ್ಟದ ತಲೆಗೆ ಕಟ್ಟುವ ಹಾಗಿಲ್ಲ. ಇದೇ ಪಾಂಡ್ಯ 2022ರಲ್ಲಿ ಮರಳಿದ್ದು ಬೇರೆ ಥರ. ಅದು ಬೆನ್ನಿನ ಕತೆ.

ವೇಗದ ಬೌಲರ್ ಬಾಲು ಬಿಡುವ ಮುನ್ನ ಮುಂಗಾಲು ಊರುವುದನ್ನು ನಿಧಾನಗತಿಯಲ್ಲಿ ನೋಡಿ. ನೆಲ ಅವನ ಮೈಭಾರದ ಐದು ಪಟ್ಟಿಗೂ ಹೆಚ್ಚಿನ ಬಲದಿಂದ ತಿರುಗಿ ತಳ್ಳುತ್ತದೆ. ಮಂಡಿ ನೆಟ್ಟಗಿದ್ದರೆ ಹೊಡೆತ ಸೀದಾ ಸೊಂಟಕ್ಕೆ. ಅದೇ ಹೊತ್ತಿಗೆ ಬೆನ್ನು ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಚಿಕೊಂಡಿರುತ್ತದೆ. ಬಲಗೈ ಬೌಲರ್‌ಗೆ ಪೆಟ್ಟು ತಿನ್ನುವುದು ಎಡಬದಿ. ಬೆನ್ನುಮೂಳೆಯ ಪ್ರತಿ ಮಣಿಯ ಹಿಂಬದಿಯಲ್ಲಿ ಮೇಲಿನ ಕೀಲಿಗೂ ಕೆಳಗಿನ ಕೀಲಿಗೂ ನಡುವೆ ಎಲುಬಿನ ತೆಳು ಸೇತುವೆ ಇದೆ. ಬಿರುಕು ಶುರುವಾಗುವುದು ಅಲ್ಲಿ. ಹೆಚ್ಚಾಗಿ ಸೊಂಟದ ಕೊನೇ ಎರಡು ಮಣಿಗಳಲ್ಲಿ.

ಎಲುಬು ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಕೆಲವು ಜೀವಕೋಶಗಳು ದಣಿದ ಎಲುಬನ್ನು ಕೊರೆದು ತೆಗೆಯುತ್ತವೆ, ಬೇರೆ ಕೋಶಗಳು ಬಂದು ಹೊಸದನ್ನು ತುಂಬುತ್ತವೆ. ತೊಂದರೆ ಏನಂದರೆ ಇದು ಹುಬ್ಬಳ್ಳಿಯಲ್ಲಿ ರಸ್ತೆ ಅಗೆದ ಹಾಗೆ. ಅಗೆಯುವುದು ಬೇಗ, ಮುಚ್ಚುವುದು ತಿಂಗಳಾನುಗಟ್ಟಲೆ. ನಡುವೆ ಓವರ್‌ಗಳು ದಿಢೀರ್ ಜಾಸ್ತಿಯಾದರೆ ಟೊಳ್ಳಾದ ಜಾಗದಲ್ಲೇ ಸೀಳುತ್ತದೆ. ಮೊದಮೊದಲು ಬರೀ ಸೊಂಟ ಹಿಡಿದಂತೆ ಅನಿಸುತ್ತದೆ. ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. ಎಂಆರ್‌ಐ ಮಾಡಿದರೆ ಎಲುಬಿನೊಳಗಿನ ಬಾವು ಮೊದಲೇ ಗೊತ್ತಾಗುತ್ತದೆ.

ಪಾಂಡ್ಯ 2018ರ ಸೆಪ್ಟೆಂಬರಿನಲ್ಲಿ ದುಬೈನಲ್ಲಿ ಬೆನ್ನು ಹಿಡಿದು ಸ್ಟ್ರೆಚರ್ ಮೇಲೆ ಹೋದರು. 2019ರ ಅಕ್ಟೋಬರಿನಲ್ಲಿ ಲಂಡನ್‌ನಲ್ಲಿ ಶಸ್ತ್ರಚಿಕಿತ್ಸೆ ಆಯಿತು. 2021ರ ವಿಶ್ವಕಪ್‌ಗೆ ಆಯ್ಕೆಯಾದಾಗ ಬೌಲಿಂಗ್ ಮಾಡಬಲ್ಲರೇ ಎಂಬ ಅನುಮಾನ ಎಲ್ಲರಿಗೂ ಇತ್ತು. ಆ ಅನುಮಾನ ನ್ಯಾಯವಾದದ್ದು, ಯಾಕಂದರೆ ಅದು ಎಷ್ಟು ವಿಕೆಟ್ ಎಂಬುದರ ಬಗ್ಗೆ ಅಲ್ಲ, ಎಷ್ಟು ಓವರ್ ಎಂಬುದರ ಬಗ್ಗೆ. ಆಮೇಲೆ ಅವರು ತಂಡದಿಂದ ದೂರ ಉಳಿದು ತಿಂಗಳುಗಟ್ಟಲೆ ಮೈ ಕಟ್ಟಿದರು, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಫಿಟ್‌ನೆಸ್ ಪರೀಕ್ಷೆ ಪಾಸಾದರು. 2022ರ ಮೇ 29ರ ಐಪಿಎಲ್ ಫೈನಲ್‌ನಲ್ಲಿ 17 ರನ್‌ಗೆ 3 ವಿಕೆಟ್. ಜುಲೈನಲ್ಲಿ ಮ್ಯಾಂಚೆಸ್ಟರ್‌ನಲ್ಲಿ 7 ಓವರ್ ಹಾಕಿ 24ಕ್ಕೆ 4, ಮೇಲೆ 71 ರನ್. ವಿಕೆಟ್‌ಗಿಂತ ನನ್ನ ಕಣ್ಣಿಗೆ ಬಿದ್ದದ್ದು ಆ 7 ಓವರ್.

ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ಕೂಡಲೇ ಹುಬ್ಬಳ್ಳಿ-ಧಾರವಾಡದ ಬೇಸಿಗೆ ಶಿಬಿರಗಳು ತುಂಬುತ್ತವೆ. ಮಾರ್ಚ್ ಪೂರ್ತಿ ಪುಸ್ತಕ ಹಿಡಿದು ಕೂತ ಹದಿನೈದರ ಹುಡುಗ ಒಮ್ಮೆಲೇ ಬೆಳಗ್ಗೆ, ಸಂಜೆ ಎರಡೂ ಹೊತ್ತು ಬೌಲಿಂಗ್‌ಗೆ ಇಳಿಯುತ್ತಾನೆ. ಸೊಂಟದ ಎಲುಬು ಪೂರ್ತಿ ಗಟ್ಟಿಯಾಗುವುದು ಇಪ್ಪತ್ತು ದಾಟಿದ ಮೇಲೆ. ಇಂಗ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ಎಳೆಯ ವೇಗಿಗಳ ಬೌಲಿಂಗ್‌ಗೆ ವಯಸ್ಸಿನ ಪ್ರಕಾರ ಮಿತಿ ಹಾಕಿದ್ದಾರೆ. ಇಲ್ಲಿ ಹುಡುಗನಿಗೆ ನಿನ್ನೆ ಎಷ್ಟು ವಿಕೆಟ್ ಸಿಕ್ಕಿತು ಅಂತ ಇಡೀ ಓಣಿಗೆ ಗೊತ್ತಿರುತ್ತದೆ. ನೆಟ್ಸ್‌ನಲ್ಲಿ ಎಷ್ಟು ಬಾಲು ಹಾಕಿದ ಅಂತ ಕೇಳಿದರೆ ಅವನಿಗೇ ಗೊತ್ತಿರುವುದಿಲ್ಲ.