ಕೊಲ್ಲಬೇಕಾದ ಕೋಶದೊಳಗೇ ಬಿಡಾರ ಹೂಡುವ ಬ್ಯಾಕ್ಟೀರಿಯಾ

"ಸರ್, ಮೀನಿಗೆ ಇಮ್ಯೂನಿಟಿ ಹೆಚ್ಚಾಗೋಕೆ ಯಾವ ಪುಡಿ ಹಾಕಲಿ?" ಮೀನು ಸಾಕುವವರು ಫೋನ್ ಮಾಡಿದಾಗ ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ರೋಗ ಬಂತೆಂದರೆ ಮೀನಿಗೆ ಶಕ್ತಿ ಸಾಲಲಿಲ್ಲ ಎಂಬ ಲೆಕ್ಕ. ಎಡ್ವರ್ಡ್‌ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾದ ವಿಷಯದಲ್ಲಿ ಆ ಲೆಕ್ಕ ಹೊಂದುವುದಿಲ್ಲ.

ನಮ್ಮ ರಕ್ತಕಣಗಳು ಮೂಳೆಯ ಮಜ್ಜೆಯಲ್ಲಿ ಹುಟ್ಟುತ್ತವೆ, ಮೀನಿನವು ಹಾಗಲ್ಲ. ಆ ಕೆಲಸ ಮೂತ್ರಪಿಂಡದ ಮುಂಭಾಗದ್ದು. ರೋಗಾಣುಗಳನ್ನು ನುಂಗಿ ಕೊಲ್ಲುವ ಮ್ಯಾಕ್ರೋಫೇಜ್ ಕೋಶಗಳು ಅಲ್ಲಿ ಕಿಕ್ಕಿರಿದಿರುತ್ತವೆ. ಮೀನನ್ನು ಕೊಯ್ದಾಗ ಅಲ್ಲಿ, ಜೊತೆಗೆ ಗುಲ್ಮದ ಮೇಲೆ, ರವೆ ಕಾಳಿನಂಥ ಬಿಳಿ ಗಂಟುಗಳು ಕಂಡರೆ ನನ್ನ ಅನುಮಾನ ಎಡ್ವರ್ಡ್‌ಸಿಯೆಲ್ಲಾ ಅಥವಾ ಮೈಕೋಬ್ಯಾಕ್ಟೀರಿಯಾ ಕಡೆಗೆ ಹೋಗುತ್ತದೆ. ಎರಡೂ ಮ್ಯಾಕ್ರೋಫೇಜ್ ಒಳಗೇ ಬದುಕಬಲ್ಲವು.

ನುಂಗಿದ ಬ್ಯಾಕ್ಟೀರಿಯಾದ ಮೇಲೆ ಮ್ಯಾಕ್ರೋಫೇಜ್ ವಿಷಕಾರಿ ಆಮ್ಲಜನಕ ಸಂಯುಕ್ತಗಳನ್ನು ಸುರಿಯುತ್ತದೆ. ಎಡ್ವರ್ಡ್‌ಸಿಯೆಲ್ಲಾ ಅವನ್ನು ಕೆಡಿಸುವ ಕಿಣ್ವಗಳನ್ನು ಮೊದಲೇ ಇಟ್ಟುಕೊಂಡಿರುತ್ತದೆ. ಆಮೇಲೆ ಸೂಜಿಯಂಥ ಸ್ರಾವಯಂತ್ರದಿಂದ ತನ್ನ ಪ್ರೋಟೀನ್‌ಗಳನ್ನು ಕೋಶದೊಳಕ್ಕೆ ಚುಚ್ಚಿ ಅಲ್ಲೇ ಸಂತಾನ ಬೆಳೆಸುತ್ತದೆ. ಈ ಯಂತ್ರ ಎಲ್ಲ ಹೊತ್ತಿನಲ್ಲೂ ಓಡುವುದಿಲ್ಲ. ಬ್ಯಾಕ್ಟೀರಿಯಾದಲ್ಲಿರುವ ಫೋಕ್ಯೂ ಎಂಬ ಸಂವೇದಕ ನೀರಿನ ಉಷ್ಣಾಂಶ ಗ್ರಹಿಸುತ್ತದೆ. ಸುಮಾರು 23ರಿಂದ 35 ಡಿಗ್ರಿ ಸೆಲ್ಸಿಯಸ್ ನಡುವೆ ಯಂತ್ರ ಚಾಲೂ, 20ಕ್ಕಿಂತ ಕೆಳಗೆ ಬಂದ್. ನಮ್ಮ ಬಯಲುಸೀಮೆಯ ಹೊಂಡಗಳ ನೀರು ವರ್ಷದ ಬಹುಪಾಲು ಎಲ್ಲಿರುತ್ತದೆ ಎಂದು ಸಾಕಣೆದಾರರಿಗೆ ಹೇಳಬೇಕಿಲ್ಲ.

ಇನ್ನು ರೋಗನಿರೋಧಕ ವ್ಯವಸ್ಥೆಗೆ, ದಾಳಿ ಅತಿಯಾಗದಂತೆ ತಡೆಯುವ ತನ್ನದೇ ಬ್ರೇಕ್‌ಗಳಿವೆ. ಮನುಷ್ಯರಲ್ಲಿ ಸಿಟಿಎಲ್‌ಎ-4, ಪಿಡಿ-1 ಎಂಬ ಅಂಥ ಬ್ರೇಕ್‌ಗಳನ್ನು ಬಿಚ್ಚಿ ಕ್ಯಾನ್ಸರ್‌ಗೆ ಚಿಕಿತ್ಸೆ ಕೊಡುವ ದಾರಿ ತೋರಿದ ಜೇಮ್ಸ್ ಆಲಿಸನ್, ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ನಮ್ಮ ಜಠರದಲ್ಲಿ ಇಂಥದೇ ಬ್ರೇಕ್ ಒತ್ತಿಸಿ ವರ್ಷಗಟ್ಟಲೆ ಉಳಿಯುತ್ತದೆ. ಸಿಟಿಎಲ್‌ಎ-4ರ ಬಂಧು ಮೀನುಗಳಲ್ಲೂ ಇದೆ. ಗೆಂಡೆ ಮೀನಿನಲ್ಲಿ ಐಎಲ್-10 ಎಂಬ ಸಂದೇಶವಾಹಕ ಮ್ಯಾಕ್ರೋಫೇಜ್‌ನ ಆ ಆಮ್ಲಜನಕ ದಾಳಿಯನ್ನೇ ತಗ್ಗಿಸುತ್ತದೆ. ಈ ಬ್ರೇಕ್ ಬೇಡದ್ದಲ್ಲ. ಇಲ್ಲದಿದ್ದರೆ ಉರಿಯೂತಕ್ಕೆ ಮೀನಿನ ಸ್ವಂತ ಅಂಗಾಂಶವೇ ಸುಟ್ಟುಹೋಗುತ್ತದೆ. ಹಾಗಾಗಿ ಹೊಂಡದ ಮೀನಿಗೆ ಕ್ಯಾನ್ಸರ್ ಮಾದರಿಯ ಬ್ರೇಕ್ ಬಿಚ್ಚುವ ಮದ್ದು ಬರಲಿ ಎಂದು ನಾನು ಆಸೆಪಡುವುದಿಲ್ಲ.

ರೋಗ ಹತ್ತಿದ ಮೇಲೆ ಪುಡಿ ಹಾಕುವುದು ದುಡ್ಡು ದಂಡ. ಮೇವಿನಲ್ಲಿ ಬೆರೆಸುವ ಆ್ಯಂಟಿಬಯೋಟಿಕ್‌ನದೂ ಹೆಚ್ಚುಕಡಿಮೆ ಅದೇ ಕತೆ: ಕಾಯಿಲೆ ಬಿದ್ದ ಮೀನು ಮೇವು ಮುಟ್ಟುವುದೇ ಇಲ್ಲ, ಮುಟ್ಟಿದರೂ ಕೋಶದೊಳಗೆ ಅವಿತ ಬ್ಯಾಕ್ಟೀರಿಯಾಕ್ಕೆ ಎಲ್ಲ ಔಷಧಿಯೂ ತಾಕುವುದಿಲ್ಲ. ಸತ್ತು ಊದಿದ ಮೀನು ತರಬೇಡಿ. ಇನ್ನೂ ಉಸಿರಾಡುತ್ತಿರುವ, ಮೂಲೆ ಸೇರಿ ಮಂಕಾದ ಮೀನನ್ನು ಲ್ಯಾಬ್‌ಗೆ ತನ್ನಿ. ಮೂತ್ರಪಿಂಡದಿಂದ ಬ್ಯಾಕ್ಟೀರಿಯಾ ತೆಗೆದು ಬೆಳೆಸಿ ನೋಡಿದರೆ (ಕಲ್ಚರ್) ಯಾರೊಂದಿಗೆ ಹೋರಾಟ ಎಂದು ಗೊತ್ತಾಗುತ್ತದೆ.

ನನ್ನ ಭರವಸೆ ಲಸಿಕೆಯ ಮೇಲಿದೆ. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ 1990ರ ದಶಕದಲ್ಲೇ ಏರೋಮೋನಾಸ್ ಹೈಡ್ರೋಫಿಲಾ ಎಂಬ ಇನ್ನೊಂದು ಮೀನು ರೋಗಾಣುವನ್ನು ಕೈಟಿನ್ (ಸೀಗಡಿ, ಏಡಿ ಚಿಪ್ಪಿನಲ್ಲಿರುವ ವಸ್ತು) ಚೂರುಗಳ ಮೇಲೆ ಬಯೋಫಿಲ್ಮ್ ಎಂಬ ಅಂಟು ಪದರವಾಗಿ ಬೆಳೆಸಿ, ನಿಷ್ಕ್ರಿಯಗೊಳಿಸಿ, ಮೇವಿನಲ್ಲಿ ಗೆಂಡೆ ಮೀನುಗಳಿಗೆ ಕೊಟ್ಟು ನೋಡಿದ್ದರು. ಬಯೋಫಿಲ್ಮ್‌ನ ಅಂಟು ಹೊದಿಕೆಯಿಂದಾಗಿ ಲಸಿಕೆ ಕರುಳಿನಲ್ಲಿ ಬೇಗ ಜೀರ್ಣವಾಗದೆ ಉಳಿಯಿತು, ರಕ್ಷಣೆಯೂ ಸಿಕ್ಕಿತು. ಕೋಶದೊಳಗೆ ಅವಿತುಕೊಳ್ಳುವ ಎಡ್ವರ್ಡ್‌ಸಿಯೆಲ್ಲಾಕ್ಕೆ ಮಾತ್ರ ದುರ್ಬಲಗೊಳಿಸಿದ ಜೀವಂತ ಲಸಿಕೆಯೇ ಹೆಚ್ಚು ಹೊಂದುತ್ತದೆ. ಸೋಂಕಿತ ಕೋಶವನ್ನೇ ಹುಡುಕಿ ಕೊಲ್ಲುವ ಟಿ ಕೋಶಗಳನ್ನು ಎಬ್ಬಿಸಲು ಅದಕ್ಕೇ ಹೆಚ್ಚು ಸಾಮರ್ಥ್ಯ.