ಡಿಸಿಎಸ್ ನಾರ್ಮಂಡಿ ನಕ್ಷೆಗೆ ನಮ್ಮದೇ ಗುಡಿಸಲು, ಡ್ರಮ್ಮು, ಬಲೆ: ಎಕ್ಸ್–ವೈ ಗೊಂದಲ ಬಿಡಿಸುವ ಟಿಪ್ಪಣಿ

ಯುದ್ಧವಿಮಾನ ಹಾರಿಸುವ ಕಂಪ್ಯೂಟರ್ ಆಟ ಡಿಸಿಎಸ್ ವರ್ಲ್ಡ್‌ನ ನಾರ್ಮಂಡಿ ನಕ್ಷೆಯಲ್ಲಿ 1944ರ ವಿಮಾನನೆಲೆಗೆ ನಾವೇ ಮಾಡಿದ ವಸ್ತುಗಳನ್ನು ಸೇರಿಸುವ ಬಗೆ ಇದು. 3ಡಿ ತಂತ್ರಾಂಶ ಬ್ಲೆಂಡರ್‌ನಲ್ಲಿ ಮಾಡೆಲ್ ಮಾಡಲು ಬರುತ್ತದೆ ಎಂದುಕೊಂಡೇ ಬರೆದಿದೆ. ಕಾರವಾರ, ಶಿರಸಿ ಕಡೆಯಿಂದ ಕಲಿಯುತ್ತಿರುವವರಿಗೆ ಅನುಕೂಲವಾಗಲಿ ಅಂತ ಟೆಕ್ಸ್ಚರ್‌ಗೆ (ಮಾಡೆಲ್ ಮೇಲೆ ಹೊದಿಸುವ ಚಿತ್ರಕ್ಕೆ) ಬೇಕಾದ ಫೋಟೊ ಎಲ್ಲಿ ಸಿಗುತ್ತದೆ ಎಂಬುದನ್ನೂ ಸೇರಿಸಿದೆ.

ಅಳತೆ

ಬ್ಲೆಂಡರ್‌ನ 1 ಯೂನಿಟ್ ಅಂದರೆ 1 ಮೀಟರ್. ಆ ಕಾಲದ ಅಳತೆಗಳೆಲ್ಲ ಅಡಿಯಲ್ಲಿ ಸಿಗುತ್ತವೆ, ಮೊದಲೇ ಬದಲಿಸಿಕೊಳ್ಳಿ. ನಿಸ್ಸೆನ್ ಗುಡಿಸಲಿನ (ಅರ್ಧ ಕೊಳವೆಯಾಕಾರದ ತಗಡಿನ ಗುಡಿಸಲು) ಅಗಲ 16, 24 ಅಥವಾ 30 ಅಡಿ, ಅಂದರೆ 4.88, 7.32, 9.14 ಮೀಟರ್. ರನ್‌ವೇಗೆ ಹಾಸುವ ತೂತಿನ ಉಕ್ಕಿನ ಹಲಗೆ 10 ಅಡಿ ಉದ್ದ, 15 ಇಂಚು ಅಗಲ: 3.05 × 0.38 ಮೀಟರ್. 208 ಲೀಟರ್‌ನ ಪೆಟ್ರೋಲ್ ಡ್ರಮ್ಮು ಸುಮಾರು 88 ಸೆಂ.ಮೀ. ಎತ್ತರ, 58 ಸೆಂ.ಮೀ. ಅಗಲ. ಎಕ್ಸ್‌ಪೋರ್ಟ್ ಮಾಡುವ ಮೊದಲು ಕಂಟ್ರೋಲ್-ಎ ಒತ್ತಿ ಸ್ಕೇಲ್, ರೊಟೇಶನ್ ಎರಡನ್ನೂ ಅಪ್ಲೈ ಮಾಡಿ. ಆರಿಜಿನ್ ಬಿಂದು ವಸ್ತುವಿನ ನಡುವೆ, ನೆಲಮಟ್ಟದಲ್ಲಿ ಇರಲಿ.

ಯಾವುದನ್ನು ಎಲ್ಲಿಡಬೇಕು ಎಂಬ ವಿವೇಚನೆಯೂ ಬೇಕು. ನಕ್ಷೆಯಲ್ಲಿ ಟ್ಯಾಂಗ್‌ಮಿಯರ್, ಫೋರ್ಡ್‌ನಂಥ ಇಂಗ್ಲೆಂಡಿನ ನೆಲೆಗಳೂ ಇವೆ. ನಿಸ್ಸೆನ್ ಗುಡಿಸಲು ಅಲ್ಲಿಗೆ ಸರಿ. ಜೂನ್ 6ರಂದು ಮಿತ್ರಪಡೆ ಬಂದಿಳಿದ ನಂತರ ಫ್ರಾನ್ಸಿನ ದಡದಲ್ಲಿ ಕೆಲವೇ ದಿನಗಳಲ್ಲಿ ಎಬ್ಬಿಸಿದ ನೆಲೆಗಳಿಗೆ ಟೆಂಟು, ಡ್ರಮ್ಮು, ಜೆರಿಕ್ಯಾನು, ಮರೆಮಾಚುವ ಬಲೆ ಸಾಕು.

ಫೋಲ್ಡರ್

ಸೇವ್ಡ್ ಗೇಮ್ಸ್ ಒಳಗಿನ ಡಿಸಿಎಸ್ › ಮಾಡ್ಸ್ › ಟೆಕ್ ಒಳಗೆ ನಿಮ್ಮದೊಂದು ಫೋಲ್ಡರ್ ಮಾಡಿ. ಆಟ ಇನ್‌ಸ್ಟಾಲ್ ಆದ ಜಾಗಕ್ಕೆ ಕೈಹಾಕಬೇಡಿ, ಮುಂದಿನ ರಿಪೇರಿಯಲ್ಲಿ ಎಲ್ಲ ಗುಡಿಸಿಹೋಗುತ್ತದೆ. ನಿಮ್ಮ ಫೋಲ್ಡರ್‌ನಲ್ಲಿ ಎಂಟ್ರಿ ಹೆಸರಿನ ಲುವಾ (ಆಟ ಓದುವ ಸ್ಕ್ರಿಪ್ಟ್ ಭಾಷೆ) ಫೈಲು, ಇಡಿಎಂ (ಡಿಸಿಎಸ್‌ನ ಮಾಡೆಲ್ ಫೈಲು) ಮಾಡೆಲ್‌ಗಳಿಗೆ ಶೇಪ್ಸ್, ಡಿಡಿಎಸ್ (ಟೆಕ್ಸ್ಚರ್ ಫೈಲು) ಚಿತ್ರಗಳಿಗೆ ಟೆಕ್ಸ್ಚರ್ಸ್, ವಸ್ತುವಿನ ವಿವರಕ್ಕೆ ಡೇಟಾಬೇಸ್ ಇರಲಿ. ಈ ಹೆಸರುಗಳೆಲ್ಲ ಡಿಸ್ಕ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಖಾಲಿ ಜಾಗ ಬಿಡದೆ ಇರಬೇಕು. ಎಂಟ್ರಿ ಫೈಲು ಪ್ಲಗಿನ್ ಅನ್ನು ಘೋಷಿಸಿ, ಶೇಪ್ಸ್ ಮತ್ತು ಟೆಕ್ಸ್ಚರ್ಸ್ ದಾರಿಗಳನ್ನು ಮೌಂಟ್ ಮಾಡಿ, ಡೇಟಾಬೇಸ್ ಫೈಲನ್ನು ಕರೆಯುತ್ತದೆ.

ಡೇಟಾಬೇಸ್‌ನಲ್ಲಿ ಪೊಸಿಶನಿಂಗ್ ಎಂಬ ಸಾಲು ಮುಖ್ಯ. ಬೈನಾರ್ಮಲ್ ಎಂದು ಕೊಟ್ಟರೆ ನೆಲ ಓರೆಯಾದಂತೆ ವಸ್ತುವೂ ಓರೆಯಾಗುತ್ತದೆ. ಡ್ರಮ್ಮಿನ ರಾಶಿಗೆ ಅದು ಸರಿ, ಗುಡಿಸಲಿಗೆ ಅಲ್ಲ. ಓನ್ಲಿಹೈಟ್ ಕೊಟ್ಟರೆ ನೆಟ್ಟಗೆ ನಿಲ್ಲುತ್ತದೆ. ಇಲ್ಲೊಂದು ಎಚ್ಚರ: ಆಟದ ಕೋಡಿನಲ್ಲಿ ಆ ಪದದ ಕೊನೆಯ ಎರಡು ಅಕ್ಷರ ಅದಲುಬದಲಾಗಿವೆ, ಟಿ ಮೊದಲು, ಎಚ್ ಆಮೇಲೆ. ಕಾಗುಣಿತ ಸರಿಮಾಡಲು ಹೋಗದೆ ಹಾಗೇ ಬರೆಯಿರಿ. ನೆಟ್ಟಗೆ ನಿಂತ ಗುಡಿಸಲಿನ ಒಂದು ಬದಿ ಇಳಿಜಾರಿನಲ್ಲಿ ಗಾಳಿಯಲ್ಲಿ ತೇಲುತ್ತದೆ. ಅದಕ್ಕೆ ಮಾಡೆಲ್‌ನಲ್ಲೇ ನೆಲಮಟ್ಟದಿಂದ 1 ಮೀಟರ್ ಕೆಳಗಿನವರೆಗೆ ಪಾಯ ಇಳಿಸಿ. ಶಿರಸಿ ಕಡೆ ಗುಡ್ಡದ ಓರೆಯಲ್ಲಿ ಮನೆ ಕಟ್ಟುವಾಗ ಕೆಳಬದಿಯ ಪಂಚಾಂಗ ಎತ್ತರ ಮಾಡುತ್ತಾರಲ್ಲ, ಹಾಗೆ.

ಎಕ್ಸ್ ಎಲ್ಲಿ, ವೈ ಎಲ್ಲಿ

ಶಾಲೆಯ ಗ್ರಾಫಿನಲ್ಲಿ ಎಕ್ಸ್ ಬಲಕ್ಕೆ, ವೈ ಮೇಲಕ್ಕೆ. ಬ್ಲೆಂಡರ್‌ನಲ್ಲಿ ಆಕಾಶದ ಕಡೆ ಹೋಗುವುದು ಝಡ್. ಡಿಸಿಎಸ್‌ನ ಮೂರು ಆಯಾಮದ ಲೋಕದಲ್ಲಿ ಎಕ್ಸ್ ಉತ್ತರ, ವೈ ಆಕಾಶ, ಝಡ್ ಪೂರ್ವ. ಬ್ಲೆಂಡರ್‌ನಿಂದ ಇಲ್ಲಿಗೆ ತಿರುಗಿಸುವ ಕೆಲಸ ಎಕ್ಸ್‌ಪೋರ್ಟರ್‌ನದು, ಅದನ್ನು ಮುಟ್ಟಬೇಡಿ. ಆದರೆ ಯಾವ ವಸ್ತು ಎಲ್ಲಿದೆ ಎಂದು ಬರೆದಿಡುವ ಮಿಶನ್ ಫೈಲಿನಲ್ಲಿ ಇಂಥ ನೆಲದ ವಸ್ತುಗಳ ಎತ್ತರಕ್ಕೆ ಜಾಗವೇ ಇಲ್ಲ. ಅಲ್ಲಿ ಎಕ್ಸ್ ಉತ್ತರ, ವೈ ಪೂರ್ವ. ಒಂದೇ ಆಟದಲ್ಲಿ ವೈಗೆ ಎರಡು ಅರ್ಥ. ಇದನ್ನು ಕಾಗದದ ಮೇಲೆ ಬರೆದು ಎದುರಿಗೆ ಅಂಟಿಸಿಟ್ಟುಕೊಳ್ಳುವುದು ಒಳ್ಳೆಯದು.

ಹೆಡಿಂಗ್, ಅಂದರೆ ವಸ್ತು ಮುಖಮಾಡಿದ ದಿಕ್ಕು, ಉತ್ತರದಿಂದ ಗಡಿಯಾರದ ದಿಕ್ಕಿನಲ್ಲಿ, ಮಿಶನ್ ಫೈಲಿನಲ್ಲಿ ರೇಡಿಯನ್ ಲೆಕ್ಕದಲ್ಲಿ ಇರುತ್ತದೆ. ಡಿಗ್ರಿಯನ್ನು 57.2958ರಿಂದ ಭಾಗಿಸಿ. ಭಾಗಿಸುವುದು ಮರೆತು 90 ಎಂದೇ ಬರೆದರೆ ದೋಷ ಏನೂ ಬರುವುದಿಲ್ಲ, ವಸ್ತು ಮಾತ್ರ ಯಾವುದೋ ದಿಕ್ಕಿಗೆ ತಿರುಗಿ ಕೂತಿರುತ್ತದೆ. ಹೆಡಿಂಗ್ 0 ಇಟ್ಟಾಗ ಗುಡಿಸಲಿನ ಬಾಗಿಲು ಉತ್ತರಕ್ಕಿದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಬ್ಲೆಂಡರ್‌ನಲ್ಲೇ ತಿರುಗಿಸಿ ಮತ್ತೆ ಅಪ್ಲೈ ಮಾಡಿ.

ರನ್‌ವೇ ಸಂಖ್ಯೆ ನಂಬಿ ಸಾಲು ಹಿಡಿಯಬೇಡಿ. ಅದು ಕಾಂತೀಯ ದಿಕ್ಕು, ಅದೂ ಹತ್ತಿರದ ಹತ್ತಕ್ಕೆ ಇಳಿಸಿದ್ದು. ರನ್‌ವೇಯ ಎರಡೂ ತುದಿಯ ಎಕ್ಸ್, ವೈ ಆಟದ ಮಿಶನ್ ಎಡಿಟರ್‌ನಲ್ಲಿ ಓದಿಕೊಳ್ಳಿ. ಉದಾಹರಣೆಗೆ ಮೊದಲ ತುದಿಯಿಂದ ಎರಡನೆಯದಕ್ಕೆ ಎಕ್ಸ್‌ನಲ್ಲಿ −707, ವೈನಲ್ಲಿ +843 ವ್ಯತ್ಯಾಸ ಬಂತು ಎನ್ನಿ. ಉದ್ದ ಸುಮಾರು 1,100 ಮೀಟರ್. ದಿಕ್ಕಿಗೆ ಎಟ್ಯಾನ್2 ಫಂಕ್ಷನ್ನಿಗೆ ಮೊದಲು ವೈ, ಆಮೇಲೆ ಎಕ್ಸ್ ಕೊಡಿ: 130 ಡಿಗ್ರಿ, 2.269 ರೇಡಿಯನ್. ತಿರುಗಿಸಿ ಕೊಟ್ಟರೆ −40 ಬರುತ್ತದೆ. ಆಗ್ನೇಯಕ್ಕೆ ಓಡುವ ರನ್‌ವೇಗೆ ವಾಯವ್ಯದ ಉತ್ತರ ಬಂದರೆ ಎಡವಿದ್ದು ಇಲ್ಲೇ.

ಈಗ ಮೊದಲ ತುದಿಯಿಂದ 60 ಮೀಟರ್ ಮುಂದೆ, ರನ್‌ವೇಯ ಬಲಕ್ಕೆ 25 ಮೀಟರ್ ದೂರದಲ್ಲಿ ಗುಡಿಸಲು ಬೇಕು. ಸೂತ್ರ ಎರಡೇ:

ಎಕ್ಸ್ = ಮುಂದೆ × ಕಾಸ್ − ಬಲಕ್ಕೆ × ಸೈನ್
ವೈ = ಮುಂದೆ × ಸೈನ್ + ಬಲಕ್ಕೆ × ಕಾಸ್

130 ಡಿಗ್ರಿಗೆ ಕಾಸ್ −0.643, ಸೈನ್ 0.766. ಎಕ್ಸ್: −38.6 − 19.1 = −57.7. ವೈ: 46.0 − 16.1 = +29.9. ಇವನ್ನು ಮೊದಲ ತುದಿಯ ಅಂಕಿಗಳಿಗೆ ಕೂಡಿಸಿ. ಬಾಗಿಲು ರನ್‌ವೇ ಕಡೆ ಇರಬೇಕಾದರೆ 130ರಿಂದ 90 ಕಳೆದು 40 ಡಿಗ್ರಿ, ಅಂದರೆ 0.698. ಎಡಬದಿಗೆ ಹೋಗಬೇಕಾದರೆ ಸೂತ್ರ ಅದೇ, 25ರ ಬದಲು −25. ಸಾಲಾಗಿ ಹತ್ತು ಗುಡಿಸಲು ಬೇಕೇ? 'ಮುಂದೆ' ಎಂಬ ಸಂಖ್ಯೆಯನ್ನು ಲುವಾ ಸ್ಕ್ರಿಪ್ಟಿನ ಲೂಪಿನಲ್ಲಿ 15ರಂತೆ ಏರಿಸುತ್ತ ಹೋಗಿ. ಕೈಯಲ್ಲಿ ಎಳೆದು ಇಡುವುದಕ್ಕಿಂತ ಇದು ಎಷ್ಟೋ ನೇರ, ಎಷ್ಟೋ ಬೇಗ. ಲೂಪಿನಲ್ಲಿ ಪ್ರತಿಯೊಂದಕ್ಕೂ ಬೇರೆ ಹೆಸರು ಕೊಡಲೇಬೇಕು. ಹೆಸರು ಒಂದೇ ಆದರೆ ಹೊಸದು ಬಂದಾಗ ಹಳೆಯದು ಮಾಯವಾಗಿ ಕೊನೆಯ ಗುಡಿಸಲೊಂದೇ ಉಳಿಯುತ್ತದೆ.

ಟೆಕ್ಸ್ಚರ್

ತಗಡಿನ ಫೋಟೊ ತೆಗೆಯಲು ನಮ್ಮ ಮಳೆಗಾಲವೇ ಒಳ್ಳೆಯದು. ಮೋಡದ ಬೆಳಕಿನಲ್ಲಿ ನೆರಳು ಬೀಳದು, ಚಿತ್ರ ಸಮನಾಗಿ ಬರುತ್ತದೆ. ಮಳೆ ಬಿಟ್ಟು ತಗಡು ಒಣಗಿದ ಮೇಲೆ ತೆಗೆಯಿರಿ, ಒದ್ದೆ ತಗಡು ಕಪ್ಪಾಗಿ ಹೊಳೆಯುತ್ತದೆ. ಕಾರವಾರದ ಕಡಲಂಚಿನ ತಗಡಿನಲ್ಲಿ ಉಪ್ಪುಗಾಳಿಗೆ ತುಕ್ಕು ಜಾಸ್ತಿ. ಹೆಚ್ಚು ಹಳೆಯದಲ್ಲದ ಗುಡಿಸಲಿಗೆ ಅದು ಸುಳ್ಳು ಕಾಣುತ್ತದೆ, ಘಟ್ಟದ ಮೇಲಿನ ಅಡಿಕೆ ಗೋದಾಮಿನ ಹೊಸ ಶೀಟು ವಾಸಿ. ಅರಗಾ ಕಡೆ ನೌಕಾನೆಲೆಯ ಆಸುಪಾಸು ಕ್ಯಾಮೆರಾ ತೆಗೆಯಲೇಬೇಡಿ.

ಕ್ಯಾಮೊಫ್ಲಾಜ್ ಬಲೆಗೆ ಬೈತಖೋಲ ಬಂದರಿನ ಮೀನುಬಲೆ ಆಗುತ್ತದೆ. ಮೀನುಗಾರರನ್ನು ಕೇಳಿ, ಬಿಳಿ ಪಂಚೆಯ ಮೇಲೆ ಹರವಿ, ನೇರ ಮೇಲಿನಿಂದ ತೆಗೆಯಿರಿ. ಈಗಿನ ನೈಲಾನ್‌ನ ನೀಲಿ, ಹಸಿರು ಬಣ್ಣ ತೆಗೆದು, ಗೋಣಿಪಟ್ಟಿಯ ತುಂಡುಗಳನ್ನು ಮೇಲೆ ಸೇರಿಸಿ. ಅಂದಿನ ಬಲೆಗೆ ಹಾಗೇ ಪಟ್ಟಿ ನೇಯುತ್ತಿದ್ದರು. ದೂರ ಹೋದಂತೆ ಬಲೆ ಕರಗಿಹೋದರೆ ಕಾರಣ ಮಿಪ್‌ಮ್ಯಾಪ್ (ದೂರಕ್ಕೆ ಬಳಸುವ ಚಿತ್ರದ ಚಿಕ್ಕ ಪ್ರತಿ): ತೆಳು ದಾರದ ಆಲ್ಫಾ (ಪಾರದರ್ಶಕತೆಯ ಚಾನೆಲ್) ಸರಾಸರಿಯಲ್ಲಿ ಮಸುಕಾಗುತ್ತದೆ. ಡಿಡಿಎಸ್ ಉಳಿಸುವಾಗ ಆಲ್ಫಾ ಕವರೇಜ್ ಉಳಿಸುವ ಆಯ್ಕೆ ಒತ್ತಿ.

ಚಿತ್ರದ ಗಾತ್ರ 1024 ಅಥವಾ 2048 ಪಿಕ್ಸೆಲ್. ಮೇಲ್ಮೈಯ ಗುಣ ಹೇಳುವ ರಫ್‌ಮೆಟ್ ಚಿತ್ರದಲ್ಲಿ ಕೆಂಪು ಚಾನೆಲ್ ಸಂದುಗಳ ನೆರಳಿಗೆ, ಹಸಿರು ಒರಟುತನಕ್ಕೆ, ನೀಲಿ ಲೋಹಕ್ಕೆ.

ಉಳಿದದ್ದು

ಇಪ್ಪತ್ತು ಡ್ರಮ್ಮು ಬೇಕಾದರೆ ಇಪ್ಪತ್ತರದ್ದೂ ಸೇರಿ ಒಂದೇ ಮಾಡೆಲ್ ಮಾಡಿ, ಆಟದ ಫ್ರೇಮ್ ರೇಟ್ ಕುಸಿಯದೆ ಉಳಿಯುತ್ತದೆ. ಕೊಲಿಷನ್ ಶೆಲ್ (ಡಿಕ್ಕಿ ಗುರುತಿಸುವ, ಕಣ್ಣಿಗೆ ಕಾಣದ ಹೊರಕವಚ) ಸರಳ ಪೆಟ್ಟಿಗೆಯಾಗಿರಲಿ. ಅದಿಲ್ಲದಿದ್ದರೆ ವಿಮಾನ ಗುಡಿಸಲಿನೊಳಗೇ ಹಾದುಹೋಗುತ್ತದೆ. ಎಡಿಟರ್‌ನ ಪಟ್ಟಿಯಲ್ಲಿ ವಸ್ತು ಕಾಣದಿದ್ದರೆ ಲಾಗ್ಸ್ ಫೋಲ್ಡರ್‌ನ ಡಿಸಿಎಸ್ ಲಾಗ್ ತೆರೆದು ನಿಮ್ಮ ಫೋಲ್ಡರ್ ಹೆಸರು ಹುಡುಕಿ. ಲುವಾದಲ್ಲಿ ಬಿಟ್ಟುಹೋದ ಒಂದು ಅಲ್ಪವಿರಾಮವೂ ಅಲ್ಲಿ ಸಾಲಿನ ಸಂಖ್ಯೆ ಸಮೇತ ಸಿಗುತ್ತದೆ. ಗೆಳೆಯರ ಜೊತೆ ಹಾರುವುದಾದರೆ ಫೋಲ್ಡರನ್ನು ಜಿಪ್ ಮಾಡಿ ಎಲ್ಲರಿಗೂ ಮೊದಲೇ ಕಳಿಸಿ.