ಒಂದೇ ಪೆಟ್ರೋಲ್ ಬಂಕ್, ಎರಡು ಭಾಷೆ

1930ರಲ್ಲಿ ಬರ್ಲಿನ್ ಪಕ್ಕದ ಬಾಬೆಲ್ಸ್‌ಬರ್ಗ್ ಸ್ಟುಡಿಯೋದಲ್ಲಿ ಲಿಲಿಯನ್ ಹಾರ್ವೆ ಒಂದೇ ಪ್ರೇಮಕಥೆಯನ್ನು ಎರಡು ಸಲ ಅಭಿನಯಿಸಿದರು. ಒಮ್ಮೆ ಜರ್ಮನ್‌ನಲ್ಲಿ, ವಿಲ್ಲಿ ಫ್ರಿಚ್ ಜೊತೆ. ಇನ್ನೊಮ್ಮೆ ಫ್ರೆಂಚ್‌ನಲ್ಲಿ, ಆನ್ರಿ ಗಾರಾ ಜೊತೆ. ಟ್ಯೂನ್ ಬದಲಾಗಲಿಲ್ಲ, ನಾಯಕಿ ಬದಲಾಗಲಿಲ್ಲ. ನಾಯಕ ಮತ್ತು ಮಾತು ಬೇರೆ. ಜರ್ಮನ್ ಚಿತ್ರದ ಹೆಸರು 'ಡೀ ಡ್ರೈ ಫಾನ್ ಡೆರ್ ಟಾಂಕ್‌ಸ್ಟೆಲ್ಲೆ', ಅಂದರೆ ಪೆಟ್ರೋಲ್ ಬಂಕಿನ ಮೂವರು. ಫ್ರೆಂಚರಿಗೆ ಅದು 'ಸ್ವರ್ಗದ ದಾರಿ' ಆಗಿ ಹೋಯಿತು.

ಕಥೆ ಅಂತ ದೊಡ್ಡದೇನಿಲ್ಲ. ಮೂವರು ಗೆಳೆಯರು ಊರು ಸುತ್ತಿ ಮನೆಗೆ ಬರುತ್ತಾರೆ. ನೋಡಿದರೆ ಬ್ಯಾಂಕ್ ದಿವಾಳಿ, ಮನೆ ಸಾಮಾನೆಲ್ಲ ಜಪ್ತಿ. ಇವರು ತಲೆ ಮೇಲೆ ಕೈ ಹೊತ್ತು ಕೂರುವುದಿಲ್ಲ, ಜಪ್ತಿಗೆ ಬಂದ ಕೋರ್ಟ್ ಅಮೀನನಿಗೇ ಹಾಡು ಹೇಳುತ್ತಾರೆ. ಕಾರಿನಲ್ಲಿ ಹೊರಟರೆ ದಾರಿ ಮಧ್ಯೆ ಪೆಟ್ರೋಲ್ ಖಾಲಿ. ಸರಿ, ಕಾರನ್ನೇ ಮಾರಿ ಬಂಕ್ ತೆರೆಯುತ್ತಾರೆ, ಪಾಳಿ ಹಾಕಿಕೊಂಡು ಕೆಲಸ ಮಾಡುತ್ತಾರೆ. ಕಾರಿನಲ್ಲಿ ಬರುವ ಶ್ರೀಮಂತರ ಮನೆ ಹುಡುಗಿಗೆ ಮೂವರೂ ಅವರವರ ಪಾಳಿಯಲ್ಲಿ ಮನಸ್ಸು ಕೊಡುತ್ತಾರೆ. ಒಬ್ಬನ ವಿಷಯ ಇನ್ನೊಬ್ಬನಿಗೆ ಗೊತ್ತಿಲ್ಲ.

ನನಗೆ ತುಂಬಾ ಇಷ್ಟವಾಗುವುದು ಇದರ ಕೊನೆ. ನಾಯಕ ನಾಯಕಿ ಒಂದಾದರು, ಮುಗಿಯಿತು ಅಂದುಕೊಳ್ಳುವಾಗ ಇಬ್ಬರೂ ಪರದೆಯ ಮುಂದೆ ಬರುತ್ತಾರೆ. ಅರೆ, ಜನ ಇನ್ನೂ ಎದ್ದು ಹೋಗಿಲ್ಲವಲ್ಲ! ಆಮೇಲೆ ಹೊಳೆಯುತ್ತದೆ: ಸಂಗೀತ ನಾಟಕ ಅಂದ ಮೇಲೆ ಕೊನೆಗೊಂದು ಭರ್ಜರಿ ಹಾಡು ಕುಣಿತ ಬೇಡವೇ? ಪರದೆ ಸರಿಯುತ್ತದೆ, ಮೇಳವೇ ಕುಣಿಯುತ್ತದೆ. ಮಾತಿನ ಸಿನಿಮಾ ಆಗಷ್ಟೇ ಹುಟ್ಟಿತ್ತು. ಅಷ್ಟರಲ್ಲೇ ತನ್ನನ್ನು ತಾನು ಗೇಲಿ ಮಾಡಿಕೊಳ್ಳುವ ಧೈರ್ಯ ಅದಕ್ಕೆ ಬಂದಿತ್ತು.

ಆದರೆ ಎರಡೆರಡು ಸಲ ಶೂಟಿಂಗ್ ಯಾಕೆ? ಮೂಕಿ ಕಾಲದಲ್ಲಿ ಈ ತಲೆನೋವೇ ಇರಲಿಲ್ಲ. ನಡುವೆ ಬರುವ ಬರಹದ ಚೂರುಗಳನ್ನು ಕತ್ತರಿಸಿ ಬೇರೆ ಭಾಷೆಯದನ್ನು ಅಂಟಿಸಿದರೆ ಸಿನಿಮಾ ಯಾವ ದೇಶಕ್ಕಾದರೂ ಹೋಗುತ್ತಿತ್ತು. ನಟ ಬಾಯಿ ಬಿಟ್ಟಿದ್ದೇ ತಡ, ಗಡಿ ಎದ್ದಿತು. ಡಬ್ಬಿಂಗ್ ಮಾಡಬಹುದಿತ್ತಲ್ವಾ ಅಂದರೆ, ಆಗ ಅದು ಸುಲಭವಿರಲಿಲ್ಲ. ಮಾತು, ಸಂಗೀತ, ಬಾಗಿಲ ಸದ್ದು ಎಲ್ಲವನ್ನೂ ಸೆಟ್ಟಿನಲ್ಲೇ ಒಟ್ಟಿಗೆ ಹಿಡಿಯುತ್ತಿದ್ದರು. ಅದರಿಂದ ಮಾತನ್ನು ಮಾತ್ರ ಬಿಡಿಸಿ ತೆಗೆಯುವುದು ಆಗದ ಕೆಲಸ. ಮತ್ತೆ ಮತ್ತೆ ನಕಲು ಮಾಡಿದರೆ ಧ್ವನಿಯೇ ಕೆಡುತ್ತಿತ್ತು. ಅದಕ್ಕಿಂತ ಸೆಟ್ ಹಾಗೇ ಇಟ್ಟುಕೊಂಡು ಇನ್ನೊಂದು ಭಾಷೆಯ ನಟರನ್ನು ಕರೆಸುವುದೇ ಲೇಸು ಅನಿಸಿತು. 1929ರಲ್ಲೇ ಇ. ಎ. ಡ್ಯೂಪಾಂಟ್ ಬ್ರಿಟನ್ನಿನಲ್ಲಿ ಹಡಗು ಮುಳುಗುವ 'ಅಟ್ಲಾಂಟಿಕ್' ಚಿತ್ರವನ್ನು ಇಂಗ್ಲಿಷ್, ಜರ್ಮನ್ ಎರಡರಲ್ಲೂ ತೆಗೆದಿದ್ದರು.

ಅಮೆರಿಕದವರು ಇದನ್ನು ಕಾರ್ಖಾನೆಯನ್ನೇ ಮಾಡಿದರು. ಪ್ಯಾರಾಮೌಂಟ್ ಕಂಪನಿ 1930ರಲ್ಲಿ ಪ್ಯಾರಿಸ್ ಪಕ್ಕದ ಜ್ವಾನ್‌ವಿಲ್‌ನಲ್ಲಿ ಸ್ಟುಡಿಯೋ ಹಿಡಿದು, ಒಂದೇ ಕಥೆಯನ್ನು ಹಲವು ಭಾಷೆಗಳಲ್ಲಿ ಒಂದರ ಹಿಂದೊಂದು ತೆಗೆಯಿತು. ಹಾಲಿವುಡ್‌ನಲ್ಲಿ 'ಡ್ರಾಕುಲಾ' ಹಗಲು ಇಂಗ್ಲಿಷ್‌ನಲ್ಲಿ, ರಾತ್ರಿ ಅದೇ ಸೆಟ್ಟಿನಲ್ಲಿ ಸ್ಪ್ಯಾನಿಷ್‌ನಲ್ಲಿ. ಲಾರೆಲ್–ಹಾರ್ಡಿಯಂತೂ ಬಾರದ ಭಾಷೆಯ ಮಾತನ್ನು ಉಚ್ಚಾರಕ್ಕೆ ತಕ್ಕಂತೆ ಹಲಗೆ ಮೇಲೆ ಬರೆಸಿಕೊಂಡು, ಓದಿ ಒಪ್ಪಿಸಿದರು. ಆ ತಪ್ಪು ಉಚ್ಚಾರಕ್ಕೇ ಜನ ಬಿದ್ದು ಬಿದ್ದು ನಕ್ಕರು.

ಜರ್ಮನಿಯ ಉಫಾ ಸಂಸ್ಥೆಯ ದಾರಿ ಬೇರೆ. 1929ರಲ್ಲಿ ಬಾಬೆಲ್ಸ್‌ಬರ್ಗ್‌ನಲ್ಲಿ ಶಿಲುಬೆ ಆಕಾರದಲ್ಲಿ ನಾಲ್ಕು ಧ್ವನಿ ಫ್ಲೋರ್‌ಗಳನ್ನು ಕಟ್ಟಿಸಿತು. ಎರಿಶ್ ಪೊಮ್ಮರ್ ಅಲ್ಲಿನ ದೊಡ್ಡ ನಿರ್ಮಾಪಕ. ಅವರ ಕೈಗೆ ಸಿಕ್ಕಿದ ನಿಧಿ ಹಾರ್ವೆ. ಲಂಡನ್ನಿನಲ್ಲಿ ಹುಟ್ಟಿದ ಆಕೆಯ ತಾಯಿ ಇಂಗ್ಲಿಷಿನವರು, ತಂದೆ ಜರ್ಮನ್. ಜೊತೆಗೆ ಫ್ರೆಂಚ್ ಕೂಡ ಬರುತ್ತಿತ್ತು. 1931ರ 'ಡೆರ್ ಕಾಂಗ್ರೆಸ್ ಟಾಂಟ್ಸ್ಟ್' ಮೂರು ಭಾಷೆಯಲ್ಲಿ ಬಂದಾಗ ಮೂರರಲ್ಲೂ ಆಕೆಯೇ ನಾಯಕಿ. ನನ್ನ ಲೆಕ್ಕದಲ್ಲಿ ಈ ವಿದ್ಯೆಗೆ ಸಂಗೀತ ಹಾಸ್ಯವೇ ಸರಿಯಾದ ಹೊಲ. ಗಂಭೀರ ನಾಟಕದಲ್ಲಿ ಮಾತೇ ಜೀವ. ಇಲ್ಲಿ ಜೀವವಿರುವುದು ವೆರ್ನರ್ ರಿಚರ್ಡ್ ಹೈಮನ್ ಹಾಕಿದ ಟ್ಯೂನಿನಲ್ಲಿ. ಅದಕ್ಕೆ ಫ್ರೆಂಚ್ ಪದ ಕೂರಿಸಿದರೂ ಬಂಕಿನ ಮೂವರ ಗೆಳೆತನದ ಹಾಡು ಗೆಳೆತನದ ಹಾಡಾಗಿಯೇ ಉಳಿಯಿತು, ಪ್ಯಾರಿಸ್ಸಿನಲ್ಲೂ ಗೆದ್ದಿತು.

ನಮಗೂ ಇದು ದೂರದ ಮಾತಲ್ಲ. ಉಫಾದಲ್ಲಿ ಕೆಲಸ ಕಲಿತವರಲ್ಲಿ ದೇವಿಕಾ ರಾಣಿಯೂ ಒಬ್ಬರು. ಮುಂದೆ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ನೆಲೆಸಿದರಲ್ಲ, ಅವರೇ. ಹಿಮಾಂಶು ರಾಯ್ ಜೊತೆ ಮಾಡಿದ 'ಕರ್ಮ' (1933) ಇಂಗ್ಲಿಷ್‌ನಲ್ಲೂ ಹಿಂದಿಯಲ್ಲೂ ತಯಾರಾಯಿತು. ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ರವಿಚಂದ್ರನ್ ಅವರ 'ಶಾಂತಿ ಕ್ರಾಂತಿ' ಇದೆ. ಕನ್ನಡಕ್ಕೆ ಅವರೇ, ತೆಲುಗಿಗೆ ನಾಗಾರ್ಜುನ, ತಮಿಳು–ಹಿಂದಿಗೆ ರಜನಿಕಾಂತ್. ಅದರ ಗಲ್ಲಾಪೆಟ್ಟಿಗೆ ಕಥೆ ಕನ್ನಡಿಗರಿಗೆ ನಾನು ಹೇಳಬೇಕಿಲ್ಲ.

ಯುರೋಪಿನಲ್ಲಿ ಈ ಪದ್ಧತಿ ಕೆಲವೇ ವರ್ಷಗಳಲ್ಲಿ ಸೊರಗಿತು. ಧ್ವನಿಯನ್ನು ಬೇರೆ ಬೇರೆ ಹಿಡಿದು ಬೆರೆಸುವುದು ಸಾಧ್ಯವಾಯಿತು, ಡಬ್ಬಿಂಗ್ ಅಗ್ಗವಾಯಿತು. ಜ್ವಾನ್‌ವಿಲ್ ಸ್ಟುಡಿಯೋ ಕೂಡ ಡಬ್ಬಿಂಗ್‌ಗೆ ಇಳಿಯಿತು. ಅಷ್ಟೇ ಆಗಿದ್ದರೆ ಇದು ತಂತ್ರಜ್ಞಾನದ ಕಥೆಯಾಗಿ ಮುಗಿಯುತ್ತಿತ್ತು.

'ಪೆಟ್ರೋಲ್ ಬಂಕಿನ ಮೂವರು' ಬರ್ಲಿನ್ನಿನಲ್ಲಿ ತೆರೆಕಂಡದ್ದು 1930ರ ಸೆಪ್ಟೆಂಬರ್ 15ರಂದು. ಹಿಂದಿನ ದಿನವಷ್ಟೇ ಚುನಾವಣೆ ನಡೆದು, ನಾಜಿ ಪಕ್ಷ 12 ಸ್ಥಾನದಿಂದ 107ಕ್ಕೆ ಜಿಗಿದಿತ್ತು. ಕೆಲಸವಿಲ್ಲದ ಜನ ಥಿಯೇಟರಿಗೆ ಮುಗಿಬಿದ್ದರು. ಆ ಸೀಸನ್ನಿನ ಅತಿ ದೊಡ್ಡ ಹಿಟ್ ಅದು. 1931ರ ಜುಲೈನಲ್ಲಿ ಜರ್ಮನಿಯ ದೊಡ್ಡ ಬ್ಯಾಂಕುಗಳಲ್ಲೊಂದಾದ ಡಾನಾಟ್ ಬ್ಯಾಂಕ್ ನಿಜವಾಗಿಯೇ ಬಾಗಿಲು ಹಾಕಿತು. ತೆರೆಯ ಮೇಲಿನ ತಮಾಷೆ ಬೀದಿಗೆ ಬಂತು.

ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ, 1933ರ ಮಾರ್ಚ್ ಕೊನೆಗೆ ಉಫಾ ಆಡಳಿತ ಮಂಡಳಿ ಯಹೂದಿ ಕೆಲಸಗಾರರನ್ನು ತೆಗೆಯಲು ತೀರ್ಮಾನಿಸಿತು. ಪೊಮ್ಮರ್ ಹೋದರು. ನಿರ್ದೇಶಕ ವಿಲ್ಹೆಲ್ಮ್ ಟೀಲೆ ಹಾಲಿವುಡ್ ಸೇರಿ ಟಾರ್ಜಾನ್ ಚಿತ್ರ ತೆಗೆದರು. ಹೈಮನ್ ಅಲ್ಲೇ 'ನಿನೋಚ್ಕಾ' ಚಿತ್ರಕ್ಕೆ ಸಂಗೀತ ಕೊಟ್ಟರು. ಮೂವರು ಗೆಳೆಯರಲ್ಲಿ ಫ್ರಿಚ್ ಮತ್ತು ಹೈನ್ಸ್ ರ‍್ಯೂಮನ್ ಜರ್ಮನಿಯಲ್ಲೇ ತಾರೆಗಳಾಗಿ ಉಳಿದರು. ಆಸ್ಕರ್ ಕಾರ್ಲ್‌ವೈಸ್ ದೇಶ ಬಿಟ್ಟು ಕೊನೆಗೆ ಅಮೆರಿಕ ಮುಟ್ಟಿದರು. ವಕೀಲನ ಪಾತ್ರ ಮಾಡಿದ ಕುರ್ಟ್ ಗೆರೋನ್ ಅವರನ್ನು 1944ರಲ್ಲಿ ಆಶ್ವಿಟ್ಸ್‌ನ ನಾಜಿ ಸಾವಿನ ಶಿಬಿರದಲ್ಲಿ ಕೊಂದರು. 1937ರಲ್ಲಿ ಚಿತ್ರವನ್ನೇ ನಿಷೇಧಿಸಲಾಯಿತು.

ಹಾಡು ಬರೆದ ರಾಬರ್ಟ್ ಗಿಲ್ಬರ್ಟ್ ಕೂಡ ನ್ಯೂಯಾರ್ಕ್‌ವರೆಗೆ ಓಡಿದವರೇ. ಯುದ್ಧ ಮುಗಿದ ಮೇಲೆ ಯುರೋಪಿಗೆ ಮರಳಿ, ಬೇರೆಯವರ ಸಂಗೀತ ನಾಟಕಗಳನ್ನು ಜರ್ಮನ್‌ಗೆ ತಂದು ಹೆಸರು ಮಾಡಿದರು. 1961ರಲ್ಲಿ ಅವರ 'ಮೈ ಫೇರ್ ಲೇಡಿ' ಬರ್ಲಿನ್ ರಂಗಕ್ಕೆ ಬಂತು. ಲಂಡನ್ನಿನ ಹೂ ಮಾರುವ ಹುಡುಗಿ ಎಲೈಜಾ ಅದರಲ್ಲಿ ಪಕ್ಕಾ ಬರ್ಲಿನ್ ಬೀದಿ ಮಾತಿನಲ್ಲಿ ಜಗಳ ಆಡುತ್ತಾಳೆ.